ಮೂರನೇ ಮಹಡಿಯವರು ಮೊದಲು

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ಹಲೋ, ಹಲೋ, ಮೈಕ್ ಟೆ... ಥತ್, ಇದು ಫೋನು, ನನಗೇ ಅಂತ ರೆಕಾರ್ಡ್ ಮಾಡ್ತಿರೋದು. ಬಾಯಿಗೆ ಅದೇ ಬರುತ್ತೆ.

ನಾನು ಮೈಕಿನಲ್ಲಿ ಪ್ರಕಟಣೆ ಕೂಗೋ ಮೂರು ಮಹಡಿ ಮಾರ್ಕೆಟ್ಟು. ಎಲ್ಲಾ ಶಟರ್ ತೆಗೆದಿದೆ, ಒಳಗೆ ಬರೋರೇ ಇಲ್ಲ. ಕಳೆದ ಬುಧವಾರ ಸ್ಟೇಷನ್ನಿನಲ್ಲಿ ಬಾಂಬು ಸಿಡಿದ ಮೇಲೆ ಹೀಗೆ. ಬೆಂಚಿನ ಕೆಳಗೆ ಬ್ಯಾಗಿನಲ್ಲಿ ಇಟ್ಟಿದ್ದರಂತೆ. ಸತ್ತವರ ಫೋಟೋ ಇನ್ನೂ ಪೇಪರಿನಲ್ಲಿ ಬರ್ತಾನೇ ಇದೆ. ಇಲ್ಲಿಂದ ನಡೆದು ಹೋಗೋ ದೂರ. ಅವತ್ತು ನನ್ನ ಕ್ಯಾಬಿನ್ ಗಾಜು ನಡುಗಿತು. ಲಾರಿ ಹೋಯ್ತು ಅಂದ್ಕೊಂಡೆ.

ಪೊಲೀಸರು ಒಂದು ಚೀಟಿ ಕೊಟ್ಟಿದ್ದಾರೆ. ಅರ್ಧ ಗಂಟೆಗೊಮ್ಮೆ ಓದಬೇಕು. ‘ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ.’ ಇಷ್ಟು ದಿನ ನಾನು ಹೇಳ್ತಿದ್ದದ್ದು ಏನು? ಮಗು ಕಳೆದಿದೆ, ಕೀಲಿ ಸಿಕ್ಕಿದೆ, ಗೇಟಿಗೆ ಅಡ್ಡ ನಿಂತ ಸ್ಕೂಟರ್ ತೆಗೀರಿ. ಇವತ್ತು ಚೀಟಿ ಓದಿದೆ. ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಹೆಂಗಸರು ಅರ್ಧಕ್ಕೇ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಇಳಿದು ಹೋದರು.

ನನ್ನ ಹೆಂಡತಿಯ ಗುಂಡಿ-ದಾರದ ಅಂಗಡಿ ಕೆಳಗೇ ಇದೆ. ಗಾಜಿನಿಂದ ಕಾಣುತ್ತೆ. ಮನೆ ನಡೆಯೋದು ಅದರಿಂದ, ನನ್ನ ಸಂಬಳದಿಂದಲ್ಲ. ಊಟಕ್ಕೆ ಇಳಿದರೆ ಮುಖ ಊದಿಸಿಕೊಂಡು ಕೂತಿದ್ದಳು.

“ರೀ, ಅದನ್ನ ಸ್ವಲ್ಪ ಮೆತ್ತಗೆ ಹೇಳೋಕಾಗಲ್ವಾ? ಜಿಪ್ಪು ಕೈಯಲ್ಲಿ ಹಿಡ್ಕೊಂಡಿದ್ದೋಳು ಹಾಗೇ ಇಟ್ಟು ಹೋದ್ಳು.”

“ಮೆತ್ತಗೆ ಅಂದ್ರೆ? ಲಾಲಿ ಹಾಡ್ಲಾ?”

“ಹಾಡಿ. ಆಗ ಜನ ಓಡಿದ್ರೆ ಪಾಪ ಬಾಂಬಿಗೆ ಕೆಟ್ಟ ಹೆಸರು ಬರಲ್ಲ.”

ನಗಿಸಿದಳು. ಆದರೆ ಬೆಳಿಗ್ಗೆಯಿಂದ ಅವಳ ದುಡ್ಡಿನ ಡ್ರಾಯರ್ ತೆಗೆದೇ ಇರಲಿಲ್ಲ.

ಮಾರ್ಚ್ 6, ಗುರುವಾರ, ಸಂಜೆ

ಮೂರನೇ ಮಹಡಿಯಲ್ಲಿ ಇನ್ನೊಂದು ಅಂಗಡಿ ಖಾಲಿ. ಚಪ್ಪಲಿಯವನು. ಹೋಗೋವಾಗ ನನ್ನ ಗಾಜು ತಟ್ಟಿ ಕೈ ಬೀಸಿದ, ಅಷ್ಟೇ. ನಮ್ಮದೂ ಈ ತಿಂಗಳು ಬಾಡಿಗೆ ಬಾಕಿ. ಹೀಗೇ ಆದರೆ ಮುಂದಿನ ಸರದಿ ಗುಂಡಿ ಅಂಗಡಿಯದೇ.

ಅಂಗಡಿಯವರ ಸಂಘದ ಅಧ್ಯಕ್ಷರು ಬಂದಿದ್ದರು. ಪರದೆ ಅಂಗಡಿಯವರು. ಮನುಷ್ಯ ಮಾತಾಡೋದೇ ಪರದೆ ಸರಿಸಿದ ಹಾಗೆ, ಸ್ವಲ್ಪ ಸ್ವಲ್ಪವೇ.

“ಮೈಕಣ್ಣ, ಭಾನುವಾರ ರಿಯಾಯಿತಿ ಮಾರಾಟ ಇಟ್ಟಿದೀವಿ. ಪಾಂಪ್ಲೆಟ್ಟು ಹಂಚಿ ಆಗಿದೆ.”

“ಒಳ್ಳೇದಾಯ್ತು ಸರ್.”

“ಅವತ್ತು ಆ ಚೀಟಿ... ಓದಲೇಬೇಕಾ?”

“ಪೊಲೀಸರು—”

“ಪೊಲೀಸರು ಬಂದು ಪರದೆ ತಗೋತಾರಾ? ಅಂಗಡಿ ಇಲ್ಲದ ಮಾರ್ಕೆಟ್ಟಿಗೆ ಮೈಕ್ ಯಾಕೆ ಹೇಳಿ.”

ಗಂಟೆಗೊಮ್ಮೆ ಓದ್ತೀನಿ ಅಂದೆ. ಚೌಕಾಸಿ ಮಾಡಿದ ಹಾಗಾಯ್ತು. ಸಾಲದ್ದಕ್ಕೆ ಹಿಂದಿನ ಗೇಟಿಗೆ ಬೀಗ ಹಾಕಿದ್ದಾರೆ. ಎಲ್ಲರನ್ನೂ ಒಂದೇ ಕಡೆ ತಪಾಸಣೆ ಮಾಡೋಕೆ. ಒಂದು ಮೆಟ್ಟಿಲು, ಒಂದು ಬಾಗಿಲು. ಭದ್ರತೆ ಅಂತೆ.

ಮಾರ್ಚ್ 9, ಭಾನುವಾರ, ರಾತ್ರಿ ಎಂಟು

ಇವತ್ತು ರಿಯಾಯಿತಿ ಮಾರಾಟ. 

ಜನ ಬಂದರು. ಮೂರು ಮಹಡಿ ತುಂಬ. ಮಕ್ಕಳು, ಮುದುಕರು. ಇವಳ ಅಂಗಡಿ ಮುಂದೆ ಸಾಲು! ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಆಗ ವಾಚ್‌ಮನ್ ಏದುಸಿರು ಬಿಡ್ತಾ ಕ್ಯಾಬಿನ್ನಿಗೆ ನುಗ್ಗಿದ.

“ಅಣ್ಣ, ಎರಡನೇ ಮಹಡಿ. ಬೆಂಚಿನ ಕೆಳಗೆ. ಬ್ಯಾಗು. ಯಾರದೂ ಅಲ್ಲ.”

ಹಿಂದೆಯೇ ಅಧ್ಯಕ್ಷರು. “ಪೊಲೀಸರಿಗೆ ಫೋನ್ ಮಾಡಿದೀನಿ. ಮೈಕಿನಲ್ಲಿ ಬೇಡ. ದಮ್ಮಯ್ಯ, ಬೇಡ.”

ಗಾಜಿನಿಂದ ಮೆಟ್ಟಿಲು ನೋಡಿದೆ. ‘ಬ್ಯಾಗು’ ಅಂತ ಒಂದು ಮಾತು ಅಂದರೆ ಸಾಕು, ಅಷ್ಟೂ ಜನ ಆ ಒಂದು ಮೆಟ್ಟಿಲಿಗೆ ಬೀಳ್ತಾರೆ. ಸಿಡಿಯೋದೇ ಬೇಡ, ತುಳಿದೇ ಸಾಯ್ತಾರೆ. ಹೇಳದೇ ಇದ್ದರೆ? ಎದುರಿಗೆ ಎರಡನೇ ಮಹಡಿಯ ಆ ಬೆಂಚಿನ ಪಕ್ಕ ಒಂದು ಮಗು ಬಲೂನು ಹಿಡಿದು ನಿಂತಿತ್ತು.

ಸ್ವಿಚ್ ಒತ್ತಿದೆ. ಬಾಯಿಗೆ ಏನು ಬಂತೋ ಅದು.

“ಸಿಹಿ ಸುದ್ದಿ! ಬಂದ ಪ್ರತಿಯೊಬ್ಬರಿಗೂ ಹೊರಗೆ ಪಾರ್ಕಿಂಗಿನಲ್ಲಿ ಉಚಿತ ಉಡುಗೊರೆ! ಅಂಗಡಿಯವರಿಗೂ ಉಂಟು! ನೂಕಬೇಡಿ, ಎಲ್ಲರಿಗೂ ಸಿಗುತ್ತೆ. ಮೂರನೇ ಮಹಡಿಯವರು ಮೊದಲು. ಆಮೇಲೆ ಎರಡು. ಆಮೇಲೆ ಕೆಳಗಿನವರು.”

ಇಳಿದರು. ನಗ್ತಾ, ಹರಟ್ತಾ. ‘ನಮ್ಮ ಮಹಡಿ ಯಾವಾಗ?’ ಅಂತ ಕಾದು ನಿಂತು ಇಳಿದರು. ಒಬ್ಬರ ಕಾಲೂ ಉಳುಕಲಿಲ್ಲ.

ಪೊಲೀಸರು ಬ್ಯಾಗು ಬಿಚ್ಚಿದರು. ಕತ್ತರಿಸಿದ ಬಟ್ಟೆ, ಅಳತೆ ಟೇಪು. ಇವಳ ಗಿರಾಕಿ ದರ್ಜಿ ಅಕ್ಕನದು. ಬಟ್ಟೆಗೆ ಹೊಂದೋ ಗುಂಡಿ ನೋಡೋಕೆ ಒಂದು ತುಂಡು ಮಾತ್ರ ಹಿಡ್ಕೊಂಡು ಕೆಳಗೆ ಇಳಿದಿದ್ದಳು. ಭಾರ ಅಂತ ಬ್ಯಾಗು ಅಲ್ಲೇ ಬಿಟ್ಟಳಂತೆ. “ನನ್ನ ಬ್ಯಾಗನ್ನ ಯಾರು ಕದೀತಾರೆ ಅಂತ...” ಅಂದಳು. ಅಳೋದೋ ನಗೋದೋ.

ಹೊರಗೆ ಜನ: “ಎಲ್ರೀ ಉಡುಗೊರೆ?” ಅಧ್ಯಕ್ಷರು ಪರದೆ ಬಟ್ಟೆ ಹರಿದು ತುಂಡು ತುಂಡು ಹಂಚಿದರು, ಕರ್ಚೀಫು ಅಂತ. ಸಾಲಲಿಲ್ಲ. ಕಳ್ಳರು ಅಂತ ಕೂಗಿದರು. ಕೂಗಲಿ ಬಿಡಿ. ಬದುಕಿದೋರು ತಾನೇ ಕೂಗೋದು.

ಮಾರ್ಚ್ 10, ಸೋಮವಾರ, ಬೆಳಿಗ್ಗೆ

ವಾಚ್‌ಮನ್ ಸೆಲ್ಯೂಟ್ ಹೊಡೆದ. ಇನ್ಸ್‌ಪೆಕ್ಟರ್ ಫೋನ್ ಮಾಡಿ “ತಲೆ ಓಡಿಸಿದ್ರಿ” ಅಂದರು. ಇವಳು ಮಾತ್ರ ಹೊಗಳಲಿಲ್ಲ.

ಬರೋವಾಗ ಬಸ್ಸಿನಲ್ಲೇ ಅಂದಳು. “ನಾನೂ ಚೀಲ ಹಿಡ್ಕೊಂಡು ಸಾಲಲ್ಲಿ ನಿಂತಿದ್ದೆ, ಗೊತ್ತಾ? ಉಡುಗೊರೆ ಅಂತ. ಬೆಪ್ಪಳ ಹಾಗೆ.”

“ನಿನ್ನನ್ನೂ ಹೊರಗೆ ಕಳಿಸಿದೆನಲ್ಲ ಕಣೇ.”

“ಕಳಿಸಿದ್ರಿ. ಇನ್ನು ಮೇಲೆ ಮೈಕಿನಲ್ಲಿ ನೀವು ಅಂದದ್ದು ನಿಜವೋ ಅಲ್ಲವೋ ಅಂತ ನಾನು ಯಾರನ್ನ ಕೇಳಲಿ?”

  

ಮಾರ್ಚ್ 13, ಗುರುವಾರ

ಸುದ್ದಿ ಹೊರಗೆ ಬಿದ್ದಿದೆ. ‘ಬಾಂಬಿತ್ತಂತೆ, ಮುಚ್ಚಿಟ್ಟರಂತೆ’ ಅಂತ ಅರ್ಧ ಊರು. ‘ಏನೂ ಇರಲಿಲ್ಲ, ಬರೀ ನಾಟಕ’ ಅಂತ ಇನ್ನರ್ಧ. ಎರಡೂ ಕಡೆಯವರಿಗೆ ಸುಳ್ಳುಗಾರ ಮಾತ್ರ ನಾನೇ.

ಇವತ್ತು ನಿಜವಾಗಲೂ ಒಂದು ಮಗು ಕಳೆದಿತ್ತು. ಕೆಂಪು ಅಂಗಿ, ನಾಲ್ಕು ವರ್ಷ ಅಂತ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಒಬ್ಬ ಮೇಲಿನಿಂದ ಕೂಗಿದ: “ಮಗು ತಂದವರಿಗೆ ಕರ್ಚೀಫಾ ಮೈಕಣ್ಣ?” ಎಲ್ಲಾ ನಕ್ಕರು. ಕೊನೆಗೆ ಅವರಮ್ಮ ತಾನೇ ಹುಡುಕಿಕೊಂಡಳು, ಅಳ್ತಾ.

ಚೀಟಿ ಮತ್ತೆ ಅರ್ಧ ಗಂಟೆಗೊಮ್ಮೆ ಓದ್ತಾ ಇದ್ದೀನಿ. ಈಗ ಯಾರೂ ಹೆದರಲ್ಲ. ವ್ಯಾಪಾರಕ್ಕೆ ಒಳ್ಳೇದು ಅಂದರು ಅಧ್ಯಕ್ಷರು. 

ಮಾರ್ಚ್ 22, ಶನಿವಾರ, ಸಂಜೆ ಐದೂಕಾಲು, ಪಾರ್ಕಿಂಗಿನಲ್ಲಿ

ಸುಮಾರು ದಿನ ಆಯ್ತು ರೆಕಾರ್ಡ್ ಮಾಡಿ. ಮಾತಾಡೋ ಮನಸ್ಸಿರಲಿಲ್ಲ. ಈಗ ಸುಮ್ಮನಿರೋಕೆ ಆಗ್ತಿಲ್ಲ.

ನಾಲ್ಕೂವರೆಗೆ ಇನ್ಸ್‌ಪೆಕ್ಟರ್ ಫೋನು. ದನಿಯೇ ಬೇರೆ. “ಮಾರ್ಕೆಟ್ಟಿನಲ್ಲಿ ಬಾಂಬು ಇಟ್ಟಿದೀವಿ ಅಂತ ಕರೆ ಬಂದಿದೆ. ನಂಬೋ ಹಾಗಿದೆ. ಹತ್ತು ನಿಮಿಷದಲ್ಲಿ ಬರ್ತೀವಿ, ನೀವು ಈಗಲೇ ಖಾಲಿ ಮಾಡಿಸಿ.” ವಾಚ್‌ಮನ್ನನ್ನ ಹಿಂದಿನ ಗೇಟಿನ ಬೀಗ ತೆಗೆಯೋಕೆ ಓಡಿಸಿದೆ. ಮೈಕ್ ಹಿಡಿದೆ.

“ಪೊಲೀಸರ ಸೂಚನೆ. ದಯವಿಟ್ಟು ಎಲ್ಲರೂ ಹೊರಗೆ ಬನ್ನಿ. ನಿಧಾನವಾಗಿ—”

ಯಾರೂ ಕದಲಲಿಲ್ಲ.

“ಈ ಸಲ ಟವೆಲ್ಲಾ ಅಣ್ಣಾ?”

“ಬೆಡ್‌ಶೀಟ್ ಆದ್ರೆ ಬರ್ತೀವಿ!”

ಇನ್ನೊಂದು ಸಲ ಹೇಳಿದೆ. ನಗು ಜಾಸ್ತಿ ಆಯ್ತು. ಅಧ್ಯಕ್ಷರು ಪಕ್ಕದಲ್ಲಿ ಬೆವರ್ತಾ, “ಬೆಡ್‌ಶೀಟ್ ಅಂತಲೇ ಅನ್ನಿ, ಕೊಡ್ತೀನಿ, ಅನ್ನಿ” ಅಂದರು. ಬಾಯಿ ತೆರೆದೆ. ಆಗಲಿಲ್ಲ. ಇನ್ನೊಂದು ಸುಳ್ಳು ಹೇಳಿ ಇವರನ್ನ ಹೊರಗೆ ತಂದರೂ, ಅದರ ಮುಂದಿನ ಸಲ?

ಕೆಳಗೆ ನೋಡಿದೆ. ಇವಳು ಯಾರಿಗೋ ಲೇಸು ಅಳೀತಿದ್ದಳು. ನನ್ನ ಮೈಕಿನ ದನಿ, ಆ ಸಕ್ಕರೆ ದನಿ, ಎಲ್ಲಿ ಹೋಯ್ತೋ. ಮನೆಯಲ್ಲಿ ಕರೆಯೋ ಹಾಗೆ ಕರೆದೆ.

“ಲೇ, ಇವಳೇ. ಗುಂಡಿ ಅಂಗಡಿಯವಳೇ. ನಾನು ಕಣೇ. ಅವತ್ತು ಉಡುಗೊರೆ ಅಂದದ್ದು ಸುಳ್ಳು, ಆ ಸುಳ್ಳನ್ನ ನಿನಗೂ ಹೇಳಿದೆ. ಇವತ್ತಿಂದು ನಿಜ. ನನಗೆ ಭಯ ಆಗ್ತಿದೆ. ಶಟರ್ ಎಳೀತಾ ನಿಲ್ಲಬೇಡ. ಇದ್ದ ಹಾಗೇ ಬಿಟ್ಟು ಹೊರಡು.”

ನಗು ನಿಂತಿತು. ಇವಳು ತಲೆ ಎತ್ತಿ ಗಾಜಿನ ಕಡೆ ನೋಡಿದಳು. ಎಷ್ಟು ಹೊತ್ತು! ಒಂದು ಉಸಿರು ಇರಬಹುದು, ನನಗೆ ಒಂದು ವರ್ಷ. ಆಮೇಲೆ ಕತ್ತರಿ ಕೆಳಗಿಟ್ಟಳು. ಡ್ರಾಯರ್ ತೆರೆದಿತ್ತು, ದುಡ್ಡು ಕಾಣ್ತಿತ್ತು. ಮುಚ್ಚಲಿಲ್ಲ. ಗಿರಾಕಿಯ ಕೈ ಹಿಡಿದು ನಡೆದಳು, ಹಿಂದೆ ತಿರುಗಲಿಲ್ಲ.

ನಮ್ಮಲ್ಲಿ ಒಂದು ನಿಮಿಷ ಎದ್ದು ಹೋಗಬೇಕಾದರೂ ಪಕ್ಕದ ಅಂಗಡಿಗೆ ‘ಸ್ವಲ್ಪ ನೋಡ್ಕೊಳ್ಳಿ’ ಅಂತ ಹೇಳಿಯೇ ಹೋಗೋದು. ಇವಳು ಯಾರಿಗೂ ಹೇಳಲಿಲ್ಲ. ತೆರೆದ ಡ್ರಾಯರು, ಖಾಲಿ ಸ್ಟೂಲು... ಪಕ್ಕದ ಬಳೆಯವನು ಅದನ್ನ ನೋಡಿದ. ಅವನ ಮುಖ ಬದಲಾಯ್ತು. ಎದ್ದ. ಅವನನ್ನ ನೋಡಿ ಎದುರಿನವನು. ನಾನು ಮಹಡಿ ಮಹಡಿ ಹೇಳ್ತಾ ಹೋದೆ, ಎರಡೂ ಗೇಟು ತೆರೆದಿದೆ ಅಂದೆ. ಈ ಸಲ ಯಾರೂ ಹರಟಲಿಲ್ಲ. ಚಪ್ಪಲಿ ಸದ್ದು ಅಷ್ಟೇ. ಕೊನೆಗೆ ನಾನೂ ಅಧ್ಯಕ್ಷರೂ ಇಳಿದೆವು.

ಈಗ ಎಲ್ಲರೂ ಪೊಲೀಸರು ಕಟ್ಟಿದ ಹಗ್ಗದ ಈಚೆ. ಪೊಲೀಸರು ನಾಯಿ ತಗೊಂಡು ಒಳಗೆ ಹೋಗಿ ಸುಮಾರು ಹೊತ್ತಾಯ್ತು. ಇವಳು ನನ್ನ ಪಕ್ಕ ನಿಂತಿದ್ದಾಳೆ.  ನನ್ನ ತೋಳು ಹಿಡ್ಕೊಂಡಿದ್ದಾಳೆ, ಉಗುರು ನಾಟೋ ಹಾಗೆ.

ಅಧ್ಯಕ್ಷರು ಕಿವಿಯ ಹತ್ತಿರ ಬಂದು, “ಒಳಗೆ ಏನೂ ಸಿಗದಿದ್ರೆ ಮೈಕಣ್ಣ?” ಅಂದರು.

“ಸಿಗದಿರಲಿ ಅಂತ ತಾನೇ ಸರ್ ನಿಂತಿರೋದು.”

“ಅಲ್ಲ, ಸಿಗದಿದ್ರೆ ಇನ್ನೊಂದು ಸಲ ಯಾರು ನಂಬ್ತಾರೆ?”

ಇವಳು ಅವರ ಕಡೆ ತಿರುಗಿದಳು. “ಇವರು ಅಂದ್ರೆ ನಾನು ಎದ್ದು ಹೊರಡ್ತೀನಿ, ನೀವು ಪರದೆ ಕಾಯ್ತಾ ಕೂತಿರಿ.”

ಇರಿ... ನಾಯಿ ಹೊರಗೆ ಬಂತು. ಹಿಂದೆ ಇನ್ಸ್‌ಪೆಕ್ಟರ್. ಕೈಯಲ್ಲಿ ಏನೂ ಇಲ್ಲ... ಇಲ್ಲ, ಕೈಯಲ್ಲಿ ಹಿಡಿಯೋ ಮೈಕಿದೆ. ಜನರನ್ನ ನೋಡ್ತಿದ್ದಾರೆ. ಯಾರನ್ನೋ ಹುಡುಕ್ತಿದ್ದಾರೆ. ನನ್ನನ್ನೇ. ಎಲ್ಲರೂ ಇತ್ತ ತಿರುಗಿದರು. ಒಬ್ಬರೂ ನಗ್ತಿಲ್ಲ.

ಹ್ಞಾ ಸರ್, ಬಂದೆ. ಮೈಕು ಕೊಡಿ. ಒಳಗೆ ಏನಿತ್ತು ಮೊದಲು ನನಗೆ ಹೇಳಿ. ಅದು ಏನೇ ಇರಲಿ, ಇವರಿಗೆ ನಾನು ಅದನ್ನೇ ಹೇಳ್—