ನಿಮ್ಮ ಕಿಟಕಿಗೆ ಹೊಡೆದಿರುವ ನಮ್ಮ ಮಟ್ಟೆ ಹಲಗೆ

ಹಲಗೆ ಗುಣಮಟ್ಟ ಪರೀಕ್ಷಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕಚೇರಿಯ ಮಹಡಿ ಮೆಟ್ಟಿಲ ಪಕ್ಕದ ಕಿಟಕಿಗೆ, ಒಡೆದ ಗಾಜಿನ ಜಾಗದಲ್ಲಿ ಮೊಳೆ ಹೊಡೆದು ನಿಲ್ಲಿಸಿರುವ ಕಂದು ಹಲಗೆ ನಮ್ಮದು. ಅದನ್ನು ವಾಪಸು ಕೊಡಿ.

ತೆಂಗಿನ ಮಟ್ಟೆಯ ನಾರು, ಪುಡಿ, ಹುಣಸೆಬೀಜದ ಅಂಟು, ಇಷ್ಟರಲ್ಲೇ ಮಾಡಿದ ಹಲಗೆ ಅದು. ಕಣ್ಣುರಿಸುವ ರಾಸಾಯನಿಕ ಅಂಟು ಅದರಲ್ಲಿ ಒಂದು ತೊಟ್ಟೂ ಇಲ್ಲ. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ದಂಡಿನಶಿವರದಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದು ಪರೀಕ್ಷೆಗೆ ಒಪ್ಪಿಸಿದೆ. ತಿಂಗಳ ಮೇಲೆ ನಿಮ್ಮ ಪತ್ರ ಬಂತು: ಅಂಟಿನ ಪ್ರಮಾಣವನ್ನು ಗ್ರಾಂಗಳಲ್ಲಿ ನಮೂದಿಸದ ಕಾರಣ ಮಾದರಿಯನ್ನು ಪರೀಕ್ಷೆಗೆ ಒಳಪಡಿಸಲಾಗಿಲ್ಲ. ಅಲ್ಲ ಸ್ವಾಮಿ, ಎರಡು ಮಳೆಗಾಲ ಎರಚಲಿಗೆ ಒಡ್ಡಿದಿರಿ, ಸಂಜೆ ಬಿಸಿಲಿಗೆ ಒಣಗಿಸಿದಿರಿ, ಸುತ್ತಲೂ ಮೊಳೆ ಜಡಿದಿರಿ. ಇನ್ನು ಯಾವ ಪರೀಕ್ಷೆ ಬಾಕಿ? ಸೀಳಿಲ್ಲ, ಉಬ್ಬಿಲ್ಲ, ಗೆದ್ದಲು ಮುಟ್ಟಿಲ್ಲ. ಅಷ್ಟನ್ನು ಬರೆದುಕೊಡಲು ನಿಮ್ಮಲ್ಲಿ ಕಾಗದವಿಲ್ಲವೇ?

ಅಂಟು ಕಾಯಿಸುತ್ತಿದ್ದವಳು ನಮ್ಮಕ್ಕ ಸುವರ್ಣಮ್ಮ. ಅವಳಿಗೆ ಗ್ರಾಂ ಗೊತ್ತಿರಲಿಲ್ಲ. ಅಂಚು ಮುಕ್ಕಾದ ಒಂದು ತೆಂಗಿನ ಚಿಪ್ಪೇ ಅವಳ ಅಳತೆ. ಬೀಜದ ಪುಡಿ ತುಂಬಿ, ಹೆಬ್ಬೆರಳಲ್ಲಿ ಸವರಿ ಕಡಾಯಿಗೆ ಸುರಿಯುವಳು. ಎಷ್ಟು ಚಿಪ್ಪು, ಎಷ್ಟು ನೀರು, ಸುಣ್ಣದ ತಿಳಿ ಯಾವಾಗ, ಎಲ್ಲ ಅವಳ ತಲೆಯಲ್ಲಿತ್ತು. ನಿಮ್ಮ ಪತ್ರ ಓದಿ ಹೇಳಿದಾಗ ನಕ್ಕಳು.

"ಅದ್ಕೇನ್ಲಾ, ನಾ ಹಾಕ್ತಾ ಹೋಯ್ತೀನಿ, ನೀ ತೂಗಿ ಬರ್ಕೊ."

"ಈಗ ಕೊಬ್ಬರಿ ಒಡೆಸೋದೈತೆ, ಆಮೇಲೆ ಬುಡಕ್ಕ," ಎಂದೆ ನಾನು.

ಆ ಆಮೇಲೆ ಬರಲೇ ಇಲ್ಲ. ಮರುವಾರ ಕಡಾಯಿ ಮುಂದೆ ಕೂತವಳು ಕೂತಲ್ಲೇ ಹೋದಳು. ಹೃದಯ ನಿಂತಿತು ಎಂದರು ಡಾಕ್ಟರು. ಅವಳ ಶಿವಗಣಾರಾಧನೆಗೆ ನೆಂಟರು ಬರುತ್ತಾರೆಂದು ಅಂಗಳ ಚೊಕ್ಕ ಮಾಡುವಾಗ ಕಡಾಯಿ ಪಕ್ಕದ ಆ ಚಿಪ್ಪನ್ನೂ ಬಾಚಿ ಹಿತ್ತಲ ಚಿಪ್ಪಿನ ರಾಶಿಗೆ ಎಸೆದವನು ನಾನೇ. ಮರುದಿನ ಇದ್ದಿಲು ಸುಡುವವರ ಲಾರಿ ಬಂದು ರಾಶಿಯನ್ನು ತುಂಬಿಕೊಂಡು ಹೋಯಿತು. ನಮ್ಮ ಸೀಮೆಯಲ್ಲಿ ಚಿಪ್ಪನ್ನು ಯಾರು ಎತ್ತಿಡುತ್ತಾರೆ, ಹೇಳಿ?

ಅಂದಿನಿಂದ ನಲವತ್ತೊಂದು ಸಲ ಅಂಟು ಕಾಯಿಸಿದ್ದೇನೆ. ಹಲಗೆ ಒಣರೊಟ್ಟಿಯ ಹಾಗೆ ಪುಡಿಯಾಗುತ್ತದೆ. ಬೀಜ ಬೇಯುವ ವಾಸನೆ ಎದ್ದರೆ ಸಾಕು, ಬೆನ್ನ ಹಿಂದೆ ಅವಳು ಬಂದು ನಿಂತ ಹಾಗಾಗುತ್ತದೆ. ಸಟ್ಟುಗ ಕಡಾಯಿಯ ತಳ ಕೆರೆಯುವ ಸದ್ದು ನನ್ನ ಕೈ ನಿಂತ ಮೇಲೂ ಕೇಳುತ್ತದೆ. "ಬರ್ಕೊಂಡೇನ್ಲಾ?" ಎನ್ನುತ್ತಾಳೆ. ಪಟ್ಟಹಗಲಲ್ಲೇ ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ.

ಅವಳ ಕೈಯಲ್ಲಿ ಹದವಾಗಿ ಬಂದದ್ದು ಮೂರೇ ಹಲಗೆ. ಎರಡನ್ನು ನಾವೇ ಬಗ್ಗಿಸಿ, ಮುರಿದು ನೋಡಿ ಒಲೆಗೆ ಹಾಕಿದೆವು. ಮೂರನೆಯದು ನಿಮ್ಮ ಕಿಟಕಿಯಲ್ಲಿದೆ. ಹೋದ ತಿಂಗಳು ಬಂದಾಗ ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟೆ; ಅಕ್ಕ ಹಾಗೆಯೇ ಪರೀಕ್ಷಿಸುತ್ತಿದ್ದಳು. ನಿಮ್ಮ ಗುಮಾಸ್ತರು ನಕ್ಕರು.

"ಏನ್ರೀ ಕುಟ್ತಿದೀರಾ, ಆ ಕಡೆ ಯಾರಾದ್ರೂ ಅವ್ರಾ?"

ಹಲಗೆ ಕೊಡಿ ಎಂದೆ. "ಟೆಸ್ಟ್ ಆಗ್ದಿರೋ ಮಾದರಿ ವಾಪಸ್ ಕೊಡಕ್ಕೆ ರೂಲ್ಸಿಲ್ಲ ಕಣ್ರೀ," ಎಂದರು. ಕಿಟಕಿಗೆ ಹೊಡೆಯಲು ಯಾವ ರೂಲ್ಸಿತ್ತು ಸ್ವಾಮಿ?

ತಿಪಟೂರಿನ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಅಂಟಿನ ಪ್ರಮಾಣ ಕಂಡುಹಿಡಿದುಕೊಡುತ್ತೇನೆ ಎಂದಿದ್ದಾರೆ. ಆದರೆ ಹಲಗೆಯನ್ನು ಪೂರ್ತಿ ಪುಡಿ ಮಾಡಬೇಕಂತೆ.

ಬರುವ ಸೋಮವಾರ ನಿಮ್ಮ ಕಿಟಕಿಯ ಅಳತೆಗೆ ಗಾಜು ಕತ್ತರಿಸಿಕೊಂಡು, ಮೊಳೆ ಕೀಳಲು ಇಕ್ಕಳವನ್ನೂ ಹಿಡಿದು ಬರುತ್ತೇನೆ. ಹಲಗೆ ಬಿಟ್ಟುಕೊಡಿ. ಪುಡಿ ಮಾಡಿದರೆ ಅಕ್ಕನ ಅಂಟು ಉಳಿಯುತ್ತದೆ, ಅವಳ ಕೈಯ ಕೊನೆಯ ಹಲಗೆ ಹೋಗುತ್ತದೆ. ಯಾವುದನ್ನು ಉಳಿಸಿಕೊಳ್ಳಲಿ ಎಂದು ಕೇಳೋಣವೆಂದರೆ ಅವಳಿಲ್ಲ. ಆ ಸಂಕಟ ನಮ್ಮ ಮನೆಯದು. ದಯವಿಟ್ಟು ಅದನ್ನು ನಮ್ಮ ಮನೆಗೆ ಕಳಿಸಿಕೊಡಿ.

ಇಂತಿ,
ತೂಗಿ ಬರೆದುಕೊಳ್ಳದೆ ಹೋದ ತಮ್ಮ,
ಶಿವಮೂರ್ತಿ
ದಂಡಿನಶಿವರ