ಬೇಳೆ ಬೇಯುವ ನೀರು

ಫೆಬ್ರವರಿ 12, 1979. ಬೆಳಿಗ್ಗೆ 6

ಆರು ಮೀನೂ ಇವೆ. ಎಣಿಸಿದ ಮೇಲೆಯೇ ಚಹಾ. ನೀರಿನ ಬಿಸಿ 84 ಫ್ಯಾರನ್‌ಹೀಟ್. ಸಣ್ಣದು ಮತ್ತೆ ಕಪ್ಪಗಾಗಿ ಮೂಲೆ ಹಿಡಿದಿದೆ. ಉಳಿದ ಐದೂ ಅದನ್ನು ಕುಟುಕುತ್ತವೆ. ಬೇರೆ ಗಾಜಿನ ತೊಟ್ಟಿಗೆ ಬಿಡಲೇ ಎಂದು ನಿನ್ನೆ ಕೇಳಿದೆ. ಕಂಪನಿಯ ಮ್ಯಾನೇಜರ್ ಸಾಹೇಬರು ಬೇಡ ಎಂದರು. ಇದನ್ನು ತೆಗೆದರೆ ಇನ್ನೊಂದನ್ನು ಹಿಡಿಯುತ್ತವಂತೆ. ಒಂದು ಹೊಡೆತ ತಿನ್ನುತ್ತಿದ್ದರೆ ಉಳಿದವಕ್ಕೆ ಆರಾಮ.

ಮೀನಿನ ಹೆಸರು ಡಿಸ್ಕಸ್. ಅಂಗೈಯಷ್ಟು ಅಗಲ, ಚಪ್ಪಟೆ. ಬೊಂಬಾಯಿಯಿಂದ ವಾಡಿ ಸ್ಟೇಷನ್ನಿಗೆ ಬಂದಾಗ ಏಳಿದ್ದವು. ಅಡುಗೆಯ ಮಾಶಾಬಿ ಅವನ್ನು "ಧಪಾಟಿ" ಎನ್ನುತ್ತಾಳೆ, ತಟ್ಟಿದ ಮಸಾಲೆ ರೊಟ್ಟಿಯ ಹಾಗಿವೆಯಂತೆ. ನಗು ಬರುತ್ತದೆ. ಆದರೆ ಸಾಹೇಬರು ಕೇಳಿಸಿಕೊಂಡರೆ...

12.30ಕ್ಕೆ ಕ್ವಾರಿಯಲ್ಲಿ ಬ್ಲಾಸ್ಟಿಂಗ್. ಅದಕ್ಕೆ ಮೊದಲೇ ತೊಟ್ಟಿಗೆ ಕಂಬಳಿ ಹೊದಿಸಬೇಕು. ಮರೆತರೆ ಹೆದರಿ ಗಾಜಿಗೆ ಹಾಯುತ್ತವೆ.

ಫೆಬ್ರವರಿ 15

ಕಂಪನಿಯ ಲ್ಯಾಬಿನಿಂದ ಚೀಟಿ ಬಂತು. ನಳದ ನೀರು ಭಾಳ ಗಡಸು, ಪೂರಾ ಸುಣ್ಣ. ಇಲ್ಲಿ ನೆಲವೇ ಸುಣ್ಣದ ಕಲ್ಲು, ನೀರು ಇನ್ನು ಹೇಗಿದ್ದೀತು? ಈ ಮೀನಿಗೆ ಮೆತ್ತನೆಯ ನೀರು ಬೇಕಂತೆ. ಸಾಹೇಬರು ಪೇಪರ್ ಓದುತ್ತಲೇ ಹೇಳಿದರು — ಎಲ್ಲಿಂದಾದರೂ ತಾ. ಇನ್ನೊಂದು ಸತ್ತರೆ ನೀನು ಕ್ರಷರಿಗೆ ವಾಪಸ್.

ಕ್ರಷರಿನಲ್ಲಿ ಎರಡು ವರ್ಷ ಕಲ್ಲು ಹಾಕಿದೆ. ಜೊತೆಗೆ ಸೇರಿದವರು ನಾಲ್ವರು. ಇಬ್ಬರು ಇಲ್ಲ. ಒಬ್ಬನಿಗೆ ಕೆಮ್ಮಿದರೆ ರಕ್ತ. ನಾನು ಐದನೆಯ ಇಯತ್ತೆ ಓದಿದ್ದೆ, ಮೀನಿನ ಔಷಧದ ಬಾಟಲಿ ಮೇಲಿನದು ಓದಬಲ್ಲೆ ಎಂದು ಸಾಹೇಬರ ಬಂಗಲೆಗೆ ಕರೆದರು. ಈಗಲೂ ಬೆಳಿಗ್ಗೆ ಉಗುಳಿದರೆ ಆ ಬಿಳಿ ಧೂಳು ಬರುತ್ತದೆಯೋ ಎಂದು ನೋಡುತ್ತೇನೆ. ದಿನಾ ನೋಡುತ್ತೇನೆ.

ಫೆಬ್ರವರಿ 25. ಭಾನುವಾರ

ದಾರಿ ತೋರಿಸಿದವಳು ಮಾಶಾಬಿ.

"ಅದಕ್ಕ್ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತೀದಿ ತಮ್ಮಾ? ತೊಗರಿ ಬ್ಯಾಳಿ ಕೇಳು, ಹೇಳ್ತದ. ಬ್ಯಾಳಿ ಬೇಯೋ ನೀರೇ ಮೆತ್ತನ ನೀರು."

ಐದು ಕಡೆಯ ನೀರು ಬಾಟಲಿಯಲ್ಲಿ ತಂದೆ. ಒಂದೊಂದರಲ್ಲೂ ಒಂದು ಮುಷ್ಟಿ ಬೇಳೆ ಇಟ್ಟಳು. ನಾಲ್ಕರಲ್ಲಿ ಕಾಳು ಕಾಳಾಗಿಯೇ ಉಳಿಯಿತು. "ಇದು ಬ್ಯಾಳಿ ಏನು, ಗೋಲಿ! ಹುಡುಗೋರಿಗಿ ಆಡಾಕ ಕೊಡು." ಐದನೆಯದು ಪಕ್ಕದ ಹಳ್ಳಿ ರಾವೂರದ ಹಣಮಮ್ಮನ ಹೊಲದ ಹೊಂಡದ್ದು, ಮಳೆಯ ನೀರು ನಿಂತದ್ದು. ಬೇಳೆ ಬೆಣ್ಣೆಯಾಯಿತು. ಲ್ಯಾಬಿನವರೂ ಅದನ್ನೇ ಒಳ್ಳೆಯದು ಎಂದರು.

"ಹಂಗಾದ್ರ ಬಂಗಲೇದಾಗ ದಿನಾ ಬ್ಯಾಳಿ ಹ್ಯಾಂಗ ಬೇಯ್ತದ ಆಪಾ?" ಎಂದೆ.

ಬಾಗಿಲ ಕಡೆ ನೋಡಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದಳು. ಸೋಡಾ. "ಚಿಟಿಕಿ ಹಾಕ್ತೀನಿ. ಸಾಹೇಬ್ರಿಗಿ ಸೋಡಾ ಆಗಂಗಿಲ್ಲ, ಹೊಟ್ಟಿ ಉರೀತದಂತ. ಹೇಳಿದ್ರ ನನ್ನ ನೌಕರಿ ಹೋಯ್ತು ನೋಡು."

"ನಾ ಯಾಕ ಹೇಳ್ಲಿ?" ಎಂದೆ.

ಮಾರ್ಚ್ 21

ದಿನಾ ಹೊಂಡದಿಂದ ಸೈಕಲ್ಲಿಗೆ ಎರಡು ಕ್ಯಾನ್ ನೀರು. ಮೀನಿಗೆ ಬಣ್ಣ ಬಂದಿದೆ — ನೀಲಿ ಗೀರು, ಕೆಂಪು ಕಣ್ಣು. ಸಣ್ಣದೂ ತಿನ್ನುತ್ತಿದೆ.

ಏಪ್ರಿಲ್ 20ಕ್ಕೆ ಬೊಂಬಾಯಿಯಿಂದ ಡೈರೆಕ್ಟರುಗಳು ಬರುತ್ತಾರೆ. ಅಲ್ಲಿಯವರೆಗೆ ಆರೂ ಉಳಿದರೆ ನನ್ನ ಹೆಸರು ಬಂಗಲೆಯ ಕಾಯಂ ಪಟ್ಟಿಗೆ. ಸಾಹೇಬರೇ ಹೇಳಿದರು. ಖುಷಿಯಾಗಬೇಕಿತ್ತು. ರಾತ್ರಿ ಎರಡು ಸಲ ಎದ್ದು ಮೀನು ಎಣಿಸಿದೆ.

ಏಪ್ರಿಲ್ 16

ಹೊಂಡದ ತಳ ಕಾಣುತ್ತಿದೆ, ನಾಲ್ಕು ದಿನದಿಂದ ನೀರು ಸಿಕ್ಕಿಲ್ಲ. ಹಣಮಮ್ಮ ಕ್ಯಾನ್ ಕಿತ್ತು ಎಸೆದಳು.

"ದನಕ್ಕಿಲ್ಲ, ಮಂದಿಗಿಲ್ಲ, ನಿನ್ನ ಸಾಹೇಬನ ಮೀನಿಗಿ ಎಲ್ಲಿಂದ ತರ್ಲೋ? ಹಿಡದು ಸಾರು ಮಾಡ್ಕೊಂಡು ತಿನ್ನಂತ ಹೇಳು!"

ಕಾಲು ಹಿಡಿದೆ. ಕಾಲು ಎಳೆದುಕೊಂಡಳು.

ಏಪ್ರಿಲ್ 17. ಬೆಳಿಗ್ಗೆ 9

ನೀರು ಬದಲಿಸಿ ಐದು ದಿನ. ಕಲಗಚ್ಚಿನ ಹಾಗಿದೆ, ವಾಸನೆ. ಆರೂ ಮೇಲೆ ಬಂದು ಬಾಯಿ ಬಿಡುತ್ತಿವೆ. ಸಾಹೇಬರು ಬೊಂಬಾಯಿಯಲ್ಲಿ, ನಾಡಿದ್ದು ಬರುತ್ತಾರೆ. ಯಾರನ್ನು ಕೇಳಲಿ?

ಒಂದು ಯೋಚನೆ ಬಂದಿದೆ. ಬೇಳೆ ಬೇಯುವ ನೀರು ಮೆತ್ತನೆಯದು. ಸೋಡಾ ಹಾಕಿದರೆ ನಳದ ನೀರಿನಲ್ಲೂ ಬೇಳೆ ಬೇಯುತ್ತದೆ. ಅಂದಮೇಲೆ ಸೋಡಾ ಹಾಕಿದ ನೀರು... ಮಾಶಾಬಿ ಸಂತೆಗೆ ಹೋಗಿದ್ದಾಳೆ. ಒಲೆಯ ಮೇಲೆ ಮಾಡಿ ನೋಡಿದೆ. ಬೆಣ್ಣೆಯ ಹಾಗೆ ಬೆಂದಿತು. ಎರಡು ಸಲ ನೋಡಿದೆ.

11 ಗಂಟೆ

ಅರ್ಧ ತೊಟ್ಟಿ ಖಾಲಿ ಮಾಡಿ ನಳದ ನೀರು ತುಂಬಿದೆ. ತೊಟ್ಟಿ ದೊಡ್ಡದು, ಚಿಟಿಕೆ ಎಲ್ಲಿ ಸಾಕು? ಮೂರು ಮುಷ್ಟಿ.

12

ಕಪ್ಪಗಾದವು. ಆರೂ. ಒಂದೇ ಕಡೆ ವಾಲಿ ಸುತ್ತುತ್ತಿವೆ, ಮೈಯಿಂದ ಲೋಳೆ ಬಿಡುತ್ತಿವೆ. ಸಣ್ಣದನ್ನು ಈಗ ಯಾರೂ ಕುಟುಕುತ್ತಿಲ್ಲ.

3.15

ಕೊನೆಯದು ಈಗ ಹೋಯಿತು. ಕಂಬಳಿ ಹೊದಿಸಿದೆ. ಯಾಕೆ ಹೊದಿಸಿದೆನೋ.

ಏಪ್ರಿಲ್ 19

ಸಾಹೇಬರು ಬೂಟು ಬಿಚ್ಚಲಿಲ್ಲ. ನೀರಿನಲ್ಲಿ ಲ್ಯಾಬಿನ ಪರೀಕ್ಷೆಯ ಕಾಗದ ಅದ್ದಿದರು. ಕಡುನೀಲಿಯಾಯಿತು, ನೀರಿಗೆ ಏನೋ ಬೆರೆತಿದೆ. "ಕಿಸ್ನೇ ಡಾಲಾ?" ಯಾರು ಹಾಕಿದ್ದು ಎಂದು ಕೇಳಿದರು.

ನಾನೇ ಎನ್ನಲು ಬಾಯಿ ತೆಗೆದೆ. ಹೌದು, ತೆಗೆದೆ. ಮೂಗಿಗೆ ಕ್ರಷರಿನ ಧೂಳಿನ ವಾಸನೆ ಬಂತು, ಅಲ್ಲೇ ಆ ಪಡಸಾಲೆಯಲ್ಲಿ. ಹೇಳಿದೆ — ಮಾಶಾಬಿ, ಸಾಹೇಬ್. ಅಡುಗೆಮನೆಯಲ್ಲಿ ಸೋಡಾ ಇಟ್ಟಿದ್ದಾಳೆ. ಹಿಟ್ಟಿನ ಡಬ್ಬಿಯ ಹಿಂದೆ.

ತಗಡಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ಕರೆಸಿದರು. ಅದನ್ನು ನೋಡಿಯೇ ಅವಳ ಮುಖ ಬಿಳುಪೇರಿತು. ಕೇಳುವ ಮೊದಲೇ ಕೈ ಮುಗಿದಳು. "ಹೌ ಸಾಬ್, ಮೈಚ್ ಡಾಲಿ. ಮಾಫ್ ಕರೋ ಸಾಬ್."

ನಾನೇ ಹಾಕಿದೆ ಎಂದಳು, ಬೇಳೆಯ ಮಾತು ಎಂದುಕೊಂಡು; ಸತ್ತ ಮೀನು ಎರಡು ದಿನ ಕಂಬಳಿಯ ಅಡಿಯಲ್ಲೇ ಇದ್ದವು, ಅವಳಿಗೆ ನಾನು ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಆ ಪಡಸಾಲೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕಂಬಳಿ ಮಡಚುತ್ತ ನಿಂತೆ.

ಕೆಲಸ ಬಿಡಿಸಲಿಲ್ಲ. ಬಿಡಿಸಿದರೆ ಮನೆಗೆ ಹೋಗಿ ಆರಾಮ ಕೂರುತ್ತಾಳೆ ಎಂದರು. ಕ್ರಷರಿನಲ್ಲಿ ಆಳು ಕಡಿಮೆ ಇದೆ. ಅಲ್ಲಿಗೆ.

ಅವಳಿಗೆ ಐವತ್ತು ದಾಟಿದೆ.

ಮೇ 1

ಮೀನು ಸತ್ತರೂ ತಪ್ಪು ನನ್ನದಲ್ಲ ಎಂದು ಸಾಹೇಬರು ಬರೆಸಿದರು, ಪಟ್ಟಿಯಲ್ಲಿ ಹೆಸರಿದೆ. ಖಂಡೆಪ್ಪ, ಬಂಗಲೆ, ಕಾಯಂ. ಹೊಸ ಮೀನು ಎಂಟು ಬಂದಿವೆ. ನೀರು ಈಗ ಕಂಪನಿಯ ಟ್ಯಾಂಕರಿನಲ್ಲಿ ಚಿಂಚೋಳಿಯ ಕಡೆಯಿಂದ ಬರುತ್ತದೆ. ರಾವೂರದ ದಾರಿಯಲ್ಲಿ ಹೋಗುವಾಗ ಹೆಂಗಸರು ಕೊಡ ಹಿಡಿದು ನಿಲ್ಲುತ್ತಾರಂತೆ. ಡ್ರೈವರ್ ನಿಲ್ಲಿಸುವುದಿಲ್ಲ. ಹಾರ್ನ್ ಹಾಕುತ್ತಾನೆ.

ಮೇ 14. ಮಧ್ಯಾಹ್ನ

ಕಂಪನಿಯ ಗೇಟಿನ ಬಳಿ ಮಾಶಾಬಿ ಸಿಕ್ಕಳು. ತಪ್ಪಿಸಿಕೊಳ್ಳಲು ಆಗಲಿಲ್ಲ. ರೆಪ್ಪೆಯ ಕೂದಲಿನವರೆಗೂ ಬಿಳಿ ಧೂಳು. ಮೊದಲು ಗುರುತೇ ಸಿಗಲಿಲ್ಲ. ಕೆಮ್ಮು ನಿಲ್ಲಲಿ ಎಂದು ಎದೆಯ ಮೇಲೆ ಕೈ ಇಟ್ಟು ಕಾದಳು. ಆಮೇಲೆ ಮಾತು.

"ಒಂದ ಚಿಟಿಕಿ ಸೋಡಾಕ್ಕ ಇಷ್ಟು ಸಿಟ್ಟೇನೋ ತಮ್ಮಾ ಆ ಮನಶ್ಯಾಗ?"

ಸೈಕಲ್ಲಿನ ಸರಪಳಿ ಸರಿ ಮಾಡಲು ಬಗ್ಗಿದೆ.

"ಮೀನು ಸತ್ತವಂತ ಆಮ್ಯಾಲ ಗೊತ್ತಾಯ್ತು. ಅದೇ ಸಿಟ್ಟು ನನ್ನ ಮ್ಯಾಲ ತೀರಿಸ್ಕೊಂಡಾನ. ಹೋಗ್ಲಿ. ನಿನ್ನ ಕಳಿಸಿಲ್ಲಲ್ಲ, ಅಷ್ಟೇ ಚಲೋ ಆಯ್ತು. ನಿನ್ನ ಎದಿ ಮೊದ್ಲೇ ಕೆಟ್ಟಾದ, ಇನ್ನೊಂದ ಸಲ ಇಲ್ಲಿ ಬಂದ್ರ ಉಳೀತಿರಲಿಲ್ಲ ನೀ."

ಧೂಳಿನ ಕೈ ನನ್ನ ಬೆನ್ನ ಮೇಲೆ ಇಟ್ಟಳು.

"ನೀ ಈಗ ಕಾಯಂ ಆದಿ. ಸಾಹೇಬ ನಿನ್ನ ಮಾತು ಕೇಳ್ತಾನ. ಒಂದ ಮಾತು ಹೇಳು. ಅಡಗಿಮನಿ ಬ್ಯಾಡ, ಕಸಾ ಹೊಡಿಯಾಕ ಇಟ್ಗೊಂಡ್ರೂ ಸಾಕು. ನಾಳೆ ಇಲ್ಲೇ ನಿಂತಿರ್ತೀನಿ."

ಹೇಳ್ತೀನಿ ಆಪಾ, ಎಂದೆ.

ಸಂಜೆ 6

ಸಾಹೇಬರ ಮುಂದೆ ನಿಂತೆ. ಕ್ಯಾ ಹೈ, ಎಂದರು. ನೀರಿನ ಬಿಸಿ 84, ಎಂದು ಹೇಳಿ ಬಂದೆ.

ಅಂಗಿಯ ಬೆನ್ನಿಗೆ ಬಿಳಿ ಕೈ ಮೂಡಿದೆ. ಎರಡು ಸಲ ಒಗೆದೆ. ನಾಳೆ ಹಿಂದಿನ ಗೇಟಿನಿಂದ ಹೋಗಬೇಕು. ನಾಳೆ ಹಾಗೆ ಹೋಗಬಹುದು. ನಾಡಿದ್ದೂ ಹೋಗಬಹುದು. ಆ ಧೂಳಿನಲ್ಲಿ ಈ ವಯಸ್ಸಿಗೆ ಅವಳು ಎಷ್ಟು ದಿನ ಉಳಿದಾಳು, ಆಮೇಲೆ ಮುಂದಿನ ಗೇಟಿನಿಂದಲೇ...