ಕಿಟಕಿಗೆ ಹಣೆ ಬಡಿದ ಕತೆ

ಮನೆ, ಹಿಂದಿನ ಕೋಣೆ
ಜೂನ್ ೮, ಭಾನುವಾರ ಮಧ್ಯಾಹ್ನ

ನನ್ನ ಬಂಗಾರದ ಗುಬ್ಬಚ್ಚಿಗೆ,

ಹೇಗಿದ್ದೀಯೆ? ಆ ಒಣಕೆಮ್ಮು ಹೋಯಿತೇ? ಪಾಳಿ ಮುಗಿದ ಮೇಲೆ ನಿದ್ದೆ ಮಾಡುತ್ತೀಯೋ, ಫೋನು ಉಜ್ಜುತ್ತಾ ಕೂರುತ್ತೀಯೋ? ಹಡಗಿನಲ್ಲಿ ಆಫೀಸರ್ ಆದೆ ಅಂತ ಊಟ ಬಿಡಬೇಡ. ನಿನ್ನಪ್ಪ ಗಟ್ಟಿಮುಟ್ಟಾಗಿದ್ದಾರೆ, ನನ್ನ ತಲೆ ತಿನ್ನುವ ಶಕ್ತಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಇನ್ನು ನನ್ನ ಸುದ್ದಿ. ನಮ್ಮ ಹಳೇ ಟಗ್ ಬೋಟ್ ಗುಜರಿಗೆ ಹೋಗಿ ಹೊಸದು ಬಂತು, ಅದರ ತುಂಬಾ ಸ್ಕ್ರೀನುಗಳೇ ಎಂದು ಬರೆದಿದ್ದೆನಲ್ಲ. ಪರೀಕ್ಷೆ ಪಾಸಾದವರಿಗೆ ಮಾತ್ರ ಅದರ ಚುಕ್ಕಾಣಿ, ಉಳಿದವರಿಗೆ ಬಂದರಿನ ಗೇಟಿನ ಕೆಲಸ. ಇಷ್ಟು ವರ್ಷ ಆನೆಯಂಥ ಹಡಗುಗಳಿಗೆ ಹಗ್ಗ ಕಟ್ಟಿ ಬಂದರಿನೊಳಕ್ಕೆ ಎಳೆದು ತಂದವಳು ಇನ್ನು ಗೇಟಿನಲ್ಲಿ ಕೂತು ಚೀಟಿ ಹರಿಯಬೇಕೇ? ಅದೂ ಅಲ್ಲದೆ, ನೀನು ಮೊದಲ ಸಲ ಹಡಗು ಹತ್ತುವಾಗ ಮಾತು ಕೊಟ್ಟಿದ್ದೆ: "ನಿನ್ ಹಡಗು ನಮ್ ಬಂದರಿಗೆ ಬಂದ್ರೆ ಒಳಗೆ ಎಳ್ಕೊಂಡ್ ಬರೋಳು ನಾನೇ ಕಣೇ." ಅದೇ ಚಿಂತೆ ನನಗೆ.

ತರಬೇತಿ ಶಾಲೆಯಲ್ಲಿ ಒಂದು ಕೋಣೆಯನ್ನೇ ಟಗ್ಗಿನ ಹಾಗೆ ಮಾಡಿದ್ದಾರೆ. ಕಿಟಕಿಯಾಚೆ ಸಮುದ್ರ, ಮಂಜು, ಹಡಗು ಎಲ್ಲ ಇದೆ. ಮೊದಲ ಪರೀಕ್ಷೆಯಲ್ಲಿ ಹಡಗು ಎಷ್ಟು ದೂರ ಎಂದರೆ ರೇಡಾರ್ ಒಂದು ಹೇಳಿತು, ನಕ್ಷೆಯ ಸ್ಕ್ರೀನ್ ಇನ್ನೊಂದು ಹೇಳಿತು. ನಾನು ಅಭ್ಯಾಸಬಲದಿಂದ ಎದ್ದು, ಕಿಟಕಿಯಿಂದ ತಲೆ ಹೊರಗೆ ಹಾಕಲು ಹೋದೆ. ಡಬ್ ಅಂತ ಹಣೆ ಬಡಿಯಿತು. ಅಯ್ಯೋ, ಅದು ಕಿಟಕಿಯೇ ಅಲ್ಲ, ಅದೂ ಒಂದು ಸ್ಕ್ರೀನು! ಎಲ್ಲರೂ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ನನ್ನ ಟಗ್ಗು ಹಡಗಿಗೆ ಗುದ್ದಿಯೂ ಆಗಿತ್ತು. ಹಣೆಯ ಮೇಲೆ ಬುಗುಟು, ಪರೀಕ್ಷೆಯಲ್ಲಿ ಫೇಲು. ಮನೆಗೆ ಬಂದು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನೀನು ಫೋನಿನಲ್ಲಿ ಕಳಿಸಿದ ಪಾಠಗಳನ್ನು ಹಿಡಿದು ಕೂತೆ. "ಅಮ್ಮಾ, ಒಂದೇ ಸ್ಕ್ರೀನ್ ನಂಬ್ಕೊಂಡ್ ಕೂರ್ಬೇಡ. ಎರಡು ಬೇರೆ ಬೇರೆ ಹೇಳಿದ್ರೆ ಮೊದ್ಲು ವೇಗ ಇಳ್ಸು, ಆಮೇಲೆ ಹಡಗಿನವ್ರನ್ನೇ ಕೇಳು." ನಿನ್ನಪ್ಪ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸಿ, "ಇದು ರೇಡಾರು, ಇದು ನಕ್ಷೆ. ಯಾವ್ದು ಸುಳ್ಳು ಹೇಳ್ತಿದೆ, ಹೇಳು" ಎಂದು ಪ್ರಾಣ ಹಿಂಡಿದರು. ಎಷ್ಟೋ ದಿನ ಊಟ ಆರಿ ತಣ್ಣಗಾಯಿತು.

ಮೊನ್ನೆ ಶುಕ್ರವಾರ ಎರಡನೇ ಸಲ ಕೂತೆ. ಅದೇ ಮಂಜು, ಅದೇ ಜಗಳಗಂಟ ಸ್ಕ್ರೀನುಗಳು. ಈ ಸಲ ನಾನು ಏಳಲಿಲ್ಲ. ವೇಗ ಇಳಿಸಿದೆ, ಹಡಗಿಗೆ ರೇಡಿಯೋ ಮಾಡಿ ದೂರ ಕೇಳಿದೆ. ರೇಡಾರಿಗೂ ಅವರ ಲೆಕ್ಕಕ್ಕೂ ತಾಳೆಯಾಯಿತು, ನಕ್ಷೆ ತಪ್ಪು ಎಂದು ಗೊತ್ತಾಯಿತು. ಬೆಣ್ಣೆಯ ಹಾಗೆ ಹಡಗಿನ ಪಕ್ಕಕ್ಕೆ ಹೋಗಿ ನಿಂತೆ. ಪಾಸಾದೆ ಕಣೇ! ಯಾರು ಕಲಿಸಿದ್ದು ಎಂದು ಪರೀಕ್ಷಕ ಕೇಳಿದ. "ನನ್ ಮಗಳು" ಅಂದೆ. ಅದನ್ನು ಹೇಳುವಾಗ ನನಗಾದ ಹೆಮ್ಮೆ ಪಾಸಾದಾಗಲೂ ಆಗಲಿಲ್ಲ.

ತಣ್ಣೀರು ಕುಡಿಯಬೇಡ, ಗಂಟಲು ನೋಡಿಕೋ. ನಿನ್ನಪ್ಪನ ಮುತ್ತುಗಳೂ ನನ್ನ ಮನಸ್ಸು ತುಂಬಿದ ಹಾರೈಕೆಯೂ ನಿನಗೆ.

ನಿನ್ನ ವಿದ್ಯಾರ್ಥಿನಿ,
ಅಮ್ಮ

ಮರೆತೇಬಿಟ್ಟಿದ್ದೆ: ಕಾಗದ ಒಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಮುಂದಿನ ತಿಂಗಳು ನಿನ್ನ ಹಡಗು ಇಲ್ಲಿಗೆ ಬರುತ್ತದಲ್ಲ, ಯಾರು ಎಳೆದು ತರುತ್ತೀರಿ ಎಂದು ಕಚೇರಿಯಲ್ಲಿ ಕೇಳಿ ಮುಗಿಸುವ ಮೊದಲೇ ಕೈ ಎತ್ತಿದ್ದೇನೆ. ನಿನ್ನ ಹಡಗಿನ ಮುಂದೆ ನಮ್ಮ ಹೊಸ ಕೆಂಪು ಟಗ್ಗು ಕಂಡರೆ ಅಮ್ಮಾ ಎಂದು ಕೂಗಬೇಡ, ಕೆಲಸದ ಮೇಲಿರುತ್ತೀಯ. ರೇಡಿಯೋದಲ್ಲಿ ದೂರ ಎಷ್ಟು ಎಂದು ಕೇಳುತ್ತೇನೆ, ಸರಿಯಾಗಿ ಹೇಳು. ಅಳುವುದೆಲ್ಲ ಹಗ್ಗ ಬಿಚ್ಚಿದ ಮೇಲೆ.